ನೆಲಮಾಳಿಗೆಯ ತಾಬೆರ್ನಾಕ್ಲ್

ಸಾರೋಟು ಹೊಡೆಯುವ ರೊಸೇರ್ ಗೊಸ್ಲೆಂ, ಈಸ್ಟರಿಗೆ ಮುಂಚಿನ ನಲವತ್ತು ದಿನದ ವ್ರತ ಶುರುವಾಗುವ ಬೂದಿ ಬುಧವಾರದಿಂದ ಹಿಡಿದು ಸರಿಯಾಗಿ ಇಪ್ಪತ್ತೆರಡು ದಿನ ಬಾಯಿ ಕಟ್ಟಿದ್ದ. ಊಟ ಬಿಟ್ಟಿದ್ದ ಎಂದಲ್ಲ, ಅದು ಮೂರು ಹೊತ್ತೂ ಸಾಂಗವಾಗಿ ನಡೆದಿತ್ತು. ಅವನು ಬಿಟ್ಟದ್ದು ಬೈಗುಳ. ಕೆಬೆಕ್ ಪಟ್ಟಣದ ಕೋಟೆಗೋಡೆಯ ಒಳಗೆ ಹುಟ್ಟಿದವನು, ಮೂವತ್ತೊಂಬತ್ತು ವರ್ಷ ಕುದುರೆ ಹೊಡೆದವನು, ಮಾರ್ಚ್ ತಿಂಗಳ ಮಂಜುಗಡ್ಡೆಯ ಮೇಲೆ ಆ ಇಳಿಜಾರು ಬೀದಿಗಳನ್ನು ಹತ್ತಿ ಇಳಿಯುವವನು ಬೈಗುಳ ಬಿಡುವುದೆಂದರೆ ಹುಡುಗಾಟವೇ? ಹೋದ ವಾರವಂತೂ ಕುದುರೆಯೇ ಗಾಬರಿಯಾಗಿ ಎರಡು ಸಲ ಹಿಂದಕ್ಕೆ ತಿರುಗಿ ನೋಡಿತ್ತು, ಯಜಮಾನ ಬದುಕಿದ್ದಾನೋ ಇಲ್ಲವೋ ಎಂದು.

ಬೇರೆ ಕಡೆ ಕಾಲ ಮೇಲೆ ಕಲ್ಲು ಬಿದ್ದರೆ ಜನ ಕಲ್ಲಿನ ತಾಯಿಯನ್ನೋ ತಂಗಿಯನ್ನೋ ನೆನೆಯುತ್ತಾರೆ. ಈ ಊರಿನವರು ಮರ್ಯಾದಸ್ಥರು, ಯಾರ ತಾಯಿತಂಗಿಯರ ತಂಟೆಗೂ ಹೋಗುವುದಿಲ್ಲ. ನೇರವಾಗಿ ಚರ್ಚಿಗೆ ನುಗ್ಗಿ ಅಲ್ಲಿನ ಪಾತ್ರೆ ಪಡಗಗಳನ್ನು ಬೀದಿಗೆ ಎಳೆದು ತರುತ್ತಾರೆ. ಪೀಠದ ಮೇಲೆ ಪ್ರಸಾದದ ರೊಟ್ಟಿ ಇಡುವ ಚಿನ್ನದ ಪೆಟ್ಟಿಗೆ ಇದೆಯಲ್ಲ, ತಾಬೆರ್ನಾಕ್ಲ್, ಅದು ಮೊದಲನೆಯ ಬೈಗುಳ. ದ್ರಾಕ್ಷಾರಸದ ಬಟ್ಟಲು ಕಾಲಿಸ್, ಎರಡನೆಯದು. ಮುಚ್ಚಳವಿರುವ ರೊಟ್ಟಿಪಾತ್ರೆ ಸಿಬ್ವಾರ್, ಮೂರನೆಯದು. ಪೆಟ್ಟಿಗೆಯ ವಿಷಯದಲ್ಲಿ ಮಾತ್ರ ಒಂದು ಸೂಕ್ಷ್ಮವಿದೆ. ಕೊನೆಗೆ 'ಲ' ಸೇರಿಸಿ 'ತಾಬೆರ್ನಾಕ್ಲ್' ಎಂದರೆ ಭಕ್ತಿ. 'ಲ' ನುಂಗಿ 'ತಾಬರ್ನಾಕ್' ಎಂದರೆ ಬೈಗುಳ. ಇಲ್ಲಿ ಸ್ವರ್ಗಕ್ಕೂ ನರಕಕ್ಕೂ ನಡುವೆ ಇರುವುದು ಅದೊಂದೇ ಅಕ್ಷರ.

ರೊಸೇರ್ ಎಂದರೆ ಜಪಮಾಲೆ. ದಿನಾ ಎರಡು ಪೂಜೆ ಕೇಳುತ್ತಿದ್ದ ಅವನ ತಾಯಿ ಆಸೆಪಟ್ಟು ಇಟ್ಟ ಹೆಸರು. ಮಗ ಹೆಸರಿಗೆ ದ್ರೋಹ ಮಾಡಲಿಲ್ಲ. ಒಂದಾದ ಮೇಲೆ ಒಂದು ಮಣಿ ಎಣಿಸಿದ ಹಾಗೆ ಬೈಗುಳ ಪೋಣಿಸುವುದರಲ್ಲಿ ಕುದುರೆಲಾಯದಲ್ಲೇ ಅವನನ್ನು ಮೀರಿಸುವವರಿರಲಿಲ್ಲ.

ಆದರೆ ಈ ಬೂದಿ ಬುಧವಾರದ ಬೆಳಿಗ್ಗೆ ಹೆಂಡತಿ ಉಗೆತ್ ಚರ್ಚಿನಲ್ಲಿ ಹಣೆಗೆ ಹಚ್ಚಿದ ಬೂದಿಯನ್ನೂ ಒರೆಸಿಕೊಳ್ಳದೆ ಅವನೆದುರು ನಿಂತಿದ್ದಳು.

"ನೋಡು ರೊಸೇರ್, ಈಸ್ಟರ್‌ವರೆಗೆ ಒಂದೇ ಒಂದು ಕೆಟ್ಟ ಮಾತು ನಿನ್ನ ಬಾಯಿಂದ ಬಿತ್ತೋ, ನಾನು ಷಿಕುತಿಮಿಗೆ ಹೋಗ್ತೀನಿ. ಮರಿಯೆತ್ ಮನೆಗೆ."

ಮರಿಯೆತ್ ಎಂದರೆ ಅವಳ ಅಕ್ಕ. ರೊಸೇರ್ ನಕ್ಕ. "ಎಷ್ಟು ದಿನಕ್ಕೆ?"

"ಹೋದವಳು ಹೋದೆ ಅಂತ ತಿಳ್ಕೋ."

ಅವನಿಗೆ ಇನ್ನೂ ನಗು. ಮಧ್ಯಾಹ್ನ ಬಾಗಿಲ ಬಳಿ ಪೆಟ್ಟಿಗೆ ಕಂಡಿತು. ಮೆಲ್ಲಗೆ ಮುಚ್ಚಳ ಎತ್ತಿ ನೋಡಿದ. ಉಣ್ಣೆಯ ಸ್ವೆಟರಿನ ಕೆಳಗೆ ಅವಳ ಬೇಸಿಗೆಯ ಹೂವಿನ ಫ್ರಾಕುಗಳಿದ್ದವು. ಮೊಣಕಾಲುದ್ದ ಹಿಮ ಬಿದ್ದಿರುವಾಗ ಬೇಸಿಗೆ ಬಟ್ಟೆ ತುಂಬಿಸುವ ಹೆಂಗಸು ವಾಪಸು ಬರುವ ಲೆಕ್ಕದಲ್ಲಿರುವುದಿಲ್ಲ. ರೊಸೇರ್ ಮುಚ್ಚಳ ಮುಚ್ಚಿದ. ಮೂವತ್ತನಾಲ್ಕು ವರ್ಷದ ಸಂಸಾರ. ಅವಳಿಲ್ಲದ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂಬುದೂ ಅವನಿಗೆ ಗೊತ್ತಿಲ್ಲ.

ಭಯದಿಂದ ಬಿಟ್ಟದ್ದನ್ನು ಲಾಯದಲ್ಲಿ ವೈರಾಗ್ಯವೆಂದು ಹೇಳಿಕೊಂಡ. "ನಾಲಿಗೆ ಅಂದ್ರೆ ಏನು, ಅದೂ ಒಂದು ಕುದುರೆ. ಲಗಾಮು ಹಿಡಿಯೋಕೆ ಬರಬೇಕು ಅಷ್ಟೆ," ಎಂದು ಜೊತೆಯ ಸಾರೋಟಿನವರಿಗೆ ಉಪದೇಶ ಮಾಡಿದ. ಸುದ್ದಿ ಚರ್ಚಿಗೆ ಹೋಯಿತು. ಎರಡನೆಯ ಭಾನುವಾರ ಫಾದರ್ ಜೆಫಿರೆಂ ಪ್ರಸಂಗದಲ್ಲಿ ಅವನ ಹೆಸರೆತ್ತಿ, "ನಮ್ಮ ಮಿಸ್ಯೂ ಗೊಸ್ಲೆಂ ಕೆಟ್ಟ ಮಾತನ್ನು ತ್ಯಜಿಸಿದ್ದಾರೆ," ಎಂದುಬಿಟ್ಟರು. ಉಗೆತ್ ಹೊಸ ಟೋಪಿಯೊಳಗೆ ಕೆಂಪಾದಳು. ರೊಸೇರ್ ಹೊರಗೆ ಬಂದು ಮಂಜುಗಡ್ಡೆಯ ಮೇಲೆ ಜಾರಿ ಬಿದ್ದ. ಬಿದ್ದಲ್ಲೇ ತುಟಿ ಕಚ್ಚಿಕೊಂಡು ಆಕಾಶ ನೋಡುತ್ತಾ ಮಲಗಿದ.

ಈ ಫಾದರ್ ಜೆಫಿರೆಂ ಬುರ್ಕಿನಾ ಫಾಸೋದವರು, ಈ ಊರಿಗೆ ಬಂದು ಐದು ತಿಂಗಳಾಗಿತ್ತು. ನಾಲ್ಕು ಭಾಷೆ ಬಲ್ಲವರು, ಮಹಾ ವಿದ್ವಾಂಸರು. ಇಲ್ಲಿನ ಚರ್ಚು ಖಾಲಿ ಹೊಡೆಯುವುದನ್ನು ಕಂಡು ಮೊದಲು ಬೇಸರಪಟ್ಟರು. ಬೀದಿಯಲ್ಲಿ ನಡೆದಾಡಿದ ಮೇಲೆ ಸಮಾಧಾನವಾಯಿತು. ವಾಗಡೂಗುವಿನಲ್ಲಿದ್ದ ತಾಯಿಗೆ ಕಾಗದ ಬರೆದರು: "ಅಮ್ಮಾ, ಇಲ್ಲಿ ಜನ ಪೂಜೆಗೆ ಬರುವುದಿಲ್ಲ ನಿಜ. ಆದರೆ ಭಕ್ತಿ ಎಂದರೆ ಇದು! ಬಸ್ಸು ತಪ್ಪಿದವನು ಪೂಜಾಪಾತ್ರೆಯನ್ನು ನೆನೆಯುತ್ತಾನೆ. ಟಯರು ಪಂಕ್ಚರಾದವನು ದ್ರಾಕ್ಷಾರಸದ ಬಟ್ಟಲನ್ನು ಸ್ಮರಿಸುತ್ತಾನೆ. ನಮ್ಮ ಬಸ್ ಡ್ರೈವರಂತೂ ಪ್ರತಿ ಸಿಗ್ನಲಿನಲ್ಲೂ ಪ್ರಾರ್ಥಿಸುತ್ತಾನೆ."

ಅವರಿಗೆ ಯಾರೂ ತಿಳಿಸಿ ಹೇಳಿರಲಿಲ್ಲ. ಹೇಗೆ ಹೇಳುವುದು?

ಇಪ್ಪತ್ತಮೂರನೆಯ ದಿನ ಗುರುವಾರ. ರೊಸೇರನ ಇನ್ನೂರೈವತ್ತು ವರ್ಷದ ಕಲ್ಲುಮನೆಯ ನೆಲಮಾಳಿಗೆಯಲ್ಲಿ ಗೋಡೆಯ ಹಿಂದೆ ನೀರಿನ ಕೊಳವೆ ಸೋರುತ್ತಿತ್ತು. ಗೋಡೆಯ ಒಂದು ಕಲ್ಲು ಸಡಿಲಿಸಿ ನೋಡೋಣವೆಂದು ರೊಸೇರ್ ಹಾರೆ ಹಾಕಿದ. ಮೇಲೆ ಅಡುಗೆಮನೆಯಲ್ಲಿ ಫಾದರ್ ಜೆಫಿರೆಂ ಕೂತು, ಉಗೆತ್ ಬಡಿಸಿದ ಬಟಾಣಿ ಸೂಪು ಕುಡಿಯುತ್ತಿದ್ದರು. ಕಲ್ಲು ಒಮ್ಮೆ ಅಲುಗಿತು, ಎರಡು ಸಲ ಅಲುಗಿತು, ಮೂರನೆಯ ಸಲ ಬಂದು ರೊಸೇರನ ಕಾಲಿನ ಹೆಬ್ಬೆರಳ ಮೇಲೆ ಕೂತಿತು.

"ತಾಬರ್ನಾಕ್! ಕಾಲಿಸ್! ಸಿಬ್ವಾರ್!"

ಮೇಲೆ ಚಮಚದ ಸದ್ದು ನಿಂತಿತು. ಒಂದು ಕುರ್ಚಿ ಜರುಗಿತು. ನೆಲಮಾಳಿಗೆಯ ಬಾಗಿಲು ತೆರೆಯಿತು. ಮೆಟ್ಟಿಲ ತುದಿಯಲ್ಲಿ ಉಗೆತ್, ಕೈಯಲ್ಲಿ ಸೌಟು.

"ರೊಸೇರ್." ಅವಳ ದನಿ ತೀರಾ ಮೆತ್ತಗಿತ್ತು. ಹಾಗಿದ್ದರೆ ಮುಗಿಯಿತೆಂದೇ ಲೆಕ್ಕ. "ಏನಂದೆ ಈಗ?"

ಅಷ್ಟರಲ್ಲಿ ಉಗೆತಳ ಭುಜದ ಹಿಂದಿನಿಂದ ಫಾದರ್ ಮುಖ ಚಾಚಿದರು. ಕಣ್ಣು ಅರಳಿದ್ದವು.

"ಮದಾಮ್, ನನಗೆ ಸ್ಪಷ್ಟವಾಗಿ ಕೇಳಿಸಿತು! ತಾಬೆರ್ನಾಕ್ಲ್, ಕಾಲಿಸ್, ಸಿಬ್ವಾರ್! ಮಿಸ್ಯೂ ಗೊಸ್ಲೆಂ, ಗೋಡೆಯಲ್ಲಿ ಪೂಜಾಪಾತ್ರೆಗಳು ಸಿಕ್ಕವೇ?"

ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎನ್ನುತ್ತಾರೆ. ಇಲ್ಲಿ ಸಾಕ್ಷಾತ್ ಪಾದ್ರಿಗಳೇ ಹಗ್ಗ ಎಸೆದಿದ್ದರು. ಜೊತೆಗೆ, ದಿನಕ್ಕೆ ಎಂಟು ಸಲ ಪ್ರವಾಸಿಗರಿಗೆ ಈ ಕಿಟಕಿಯಲ್ಲಿ ದೆವ್ವ, ಆ ಬಾವಿಯಲ್ಲಿ ರಾಜಕುಮಾರಿ ಎಂದು ಬುರುಡೆ ಬಿಟ್ಟು ಪಳಗಿದ ನಾಲಿಗೆ ರೊಸೇರನದು. ಅದು ಯಜಮಾನನ ಅಪ್ಪಣೆಗೆ ಕಾಯಲಿಲ್ಲ.

"ಹೌದು ಫಾದರ್! ಸಿಕ್ಕವು! ಒಳಗೆ ಪಳಪಳ ಅಂತಿದೆ!"

"ಮೂರೂ?"

"ಮೂರೂ!"

ಫಾದರ್ ಅಲ್ಲೇ ಮೆಟ್ಟಿಲ ಮೇಲೆ ಮೊಣಕಾಲೂರಿದರು. ಉಗೆತ್ ಮೊಣಕಾಲೂರಲಿಲ್ಲ, ಕಣ್ಣು ಕಿರಿದು ಮಾಡಿದಳು.

"ನೀನು 'ಕ್ಲ್' ಅಂದೆಯೋ, 'ಕ್' ಅಂದೆಯೋ?"

"ಕ್ಲ್ ಅಂದೆ ಕಣೇ! ಕ್ಲ್! ಕಲ್ಲು ಬಿದ್ದ ಸದ್ದಿಗೆ 'ಲ' ಕೇಳಿಸಿಲ್ಲ ನಿನಗೆ."

ಫಾದರ್ ಇಳಿದು ನೋಡುತ್ತೇನೆಂದರು. ರೊಸೇರ್ ಕುಂಟುತ್ತಾ ಅಡ್ಡ ಬಂದು, ಗೋಡೆ ಕುಸಿಯುತ್ತದೆ, ಒಬ್ಬ ಪಾದ್ರಿಯ ಪ್ರಾಣ ತೆಗೆದ ಪಾಪ ನನಗೆ ಬೇಡ ಎಂದು ಕಲ್ಲನ್ನು ವಾಪಸು ತುರುಕಿದ. ಹಳೆಯ ಯುದ್ಧದ ಕಾಲದಲ್ಲಿ ಯಾರೋ ಪುಣ್ಯಾತ್ಮರು ಬಚ್ಚಿಟ್ಟಿರಬೇಕು ಎಂದು ಫಾದರ್ ಕಣ್ಣೊರೆಸಿಕೊಂಡರು. ಹೊರಟವರು ಮನೆಗೆ ಹೋಗಲಿಲ್ಲ. ನೆಟ್ಟಗೆ ಹಳೆಯ ಮನೆಗಳ ಸಂರಕ್ಷಣಾ ಕಚೇರಿಗೆ ಹೋದರು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಕಚೇರಿಯ ಇನ್‌ಸ್ಪೆಕ್ಟರ್ ಮಿಸ್ಯೂ ಬೆಲ್‌ಫೈ ಬಾಗಿಲಲ್ಲಿದ್ದರು. ಸಣ್ಣ ಆಳು, ದೊಡ್ಡ ಚೀಲ. ಈ ಬೀದಿಯಲ್ಲಿ ಅವರ ಹೆಸರು ಕೇಳಿದರೆ ಜನ ಕಿಟಕಿಗೆ ಬಣ್ಣ ಬಳಿಯುವುದನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ನೆಲಮಾಳಿಗೆಗೆ ಇಳಿದು, ಗೋಡೆಗೆ ಅಡ್ಡಡ್ಡ ಹಳದಿ ಪಟ್ಟಿ ಬಿಗಿದು, ಕೊಳವೆಯ ನೀರು ನಿಲ್ಲಿಸಿ ಮೊಹರು ಹಾಕಿದರು.

"ನಾಳೆ ಹತ್ತು ಗಂಟೆಗೆ ಗೋಡೆ ಬಿಚ್ಚೋದು. ಅಲ್ಲೀವರೆಗೆ ಯಾರೂ ಮುಟ್ಟೋ ಹಾಗಿಲ್ಲ. ಕೆಮ್ಮೋದಾದ್ರೂ ಮೇಲೆ ಹೋಗಿ ಕೆಮ್ಮಿ." ಚೀಲದಿಂದ ನಮೂನೆಯೊಂದನ್ನು ತೆಗೆದರು. "ಶೋಧ ಮಾಡಿದವರು?"

"ನಾನೇ."

"ಶೋಧದ ಕ್ಷಣದಲ್ಲಿ ಶೋಧಕರು ಆಡಿದ ಮಾತು, ಇದ್ದದ್ದು ಇದ್ದ ಹಾಗೆ."

ರೊಸೇರ್ ಹೆಂಡತಿಯ ಕಡೆ ನೋಡಿದ. ಹೆಂಡತಿ ಅವನ ಕಡೆಯೇ ನೋಡುತ್ತಿದ್ದಳು.

"ತಾಬೆರ್ನಾಕ್ಲ್," ಎಂದ, 'ಲ'ದ ಮೇಲೆ ಅರ್ಧ ನಿಮಿಷ ನಿಂತು. "ಆಮೇಲೆ ಕಾಲಿಸ್. ಆಮೇಲೆ ಸಿಬ್ವಾರ್."

ಇನ್‌ಸ್ಪೆಕ್ಟರ ಪೆನ್ನು ನಿಂತಿತು. ಅವರೂ ಈ ಊರಿನಲ್ಲೇ ಹುಟ್ಟಿ ಬೆಳೆದವರು. ಕನ್ನಡಕದ ಮೇಲಿನಿಂದ ರೊಸೇರನ ಮುಖ ನೋಡಿದರು. ವಾಪಸು ತುರುಕಿದ್ದ ಕಲ್ಲು ನೋಡಿದರು. ಕೊನೆಗೆ ಬಟ್ಟೆ ಸುತ್ತಿದ ಹೆಬ್ಬೆರಳನ್ನು ಬಹಳ ಹೊತ್ತು ನೋಡಿದರು.

"ಇದೇ ಕ್ರಮದಲ್ಲಿ?"

"ಇದೇ ಕ್ರಮದಲ್ಲಿ, ಮಿಸ್ಯೂ."

"ಒಂದೇ ಉಸಿರಿನಲ್ಲಿ?"

ರೊಸೇರ್ ತಲೆಯಾಡಿಸಿದ. ಇನ್‌ಸ್ಪೆಕ್ಟರ್ ಅದನ್ನೂ ಬರೆದುಕೊಂಡು ಹೋದರು.

ಅವರು ಹೋದದ್ದೇ ತಡ, ಗೋಡೆಯಾಚೆಯ ಮನೆಯ ಮದಾಮ್ ಲಾಬೆರ್ಜ್ ನುಗ್ಗಿದಳು. ಎರಡು ಮನೆಗೂ ಒಂದೇ ಕೊಳವೆ. ತಲೆತುಂಬ ಶಾಂಪೂ ನೊರೆ.

"ಗೊಸ್ಲೆಂ! ನನ್ನ ನೀರೆಲ್ಲಯ್ಯಾ? ಹೀಗೇ ಪೂಜೆಗೆ ಹೋಗಲಾ ನಾನು?"

ಉಗೆತ್ ವಿಷಯ ಹೇಳಿದಳು. ಮದಾಮ್ ಲಾಬೆರ್ಜಳ ಬಾಯಿ ತೆರೆದದ್ದು ಮುಚ್ಚಲಿಲ್ಲ. "ಅಯ್ಯೋ ದೇವರೇ! ನಮ್ಮ ಗೋಡೇಲಿ! ನಾನು ಮೂವತ್ತು ವರ್ಷದಿಂದ ಆ ಗೋಡೆಗೆ ಟಿ.ವಿ. ಒರಗಿಸಿದ್ದೀನಲ್ಲೇ!" ಎಂದು ಎದೆ ಬಡಿದುಕೊಂಡು ನೊರೆಯ ಸಮೇತ ಹೊರಗೋಡಿದಳು. ಅರ್ಧ ಗಂಟೆಯಲ್ಲಿ ಬೀದಿಗೆಲ್ಲ ಗೊತ್ತು. ಮಧ್ಯಾಹ್ನದ ಹೊತ್ತಿಗೆ ಜೊತೆಯ ಸಾರೋಟಿನ ಫುಲ್‌ಜಾಂಸ್ ಬಾಗಿಲೆದುರು ಗಾಡಿ ನಿಲ್ಲಿಸಿ, ಪ್ರವಾಸಿಗರಿಗೆ ಚಾವಟಿಯಿಂದ ತೋರಿಸುತ್ತಾ, "ಈ ಗೋಡೆಯೊಳಗಿಂದ ರಾತ್ರಿ ಘಂಟೆ ಕೇಳಿಸುತ್ತಿತ್ತು, ನಾನೇ ಕಿವಿಯಾರೆ ಕೇಳಿದ್ದೇನೆ," ಎನ್ನುತ್ತಿದ್ದ.

ಪ್ರವಾಸಿಗರು ಹೋದ ಮೇಲೆ ರೊಸೇರ್ ಅವನ ಕಾಲರು ಹಿಡಿದು ನಿಜ ಹೇಳಿದ. ಫುಲ್‌ಜಾಂಸನ ಬಾಯಿಂದ ಪೈಪು ಬಿತ್ತು.

"ಒಳಗೆ ಏನೂ ಇಲ್ವಾ?"

"ಕೊಳವೆ ಇದೆ."

"ನಿನ್ನ ಸಂಸಾರ ಮುಳುಗಿತು ಬಿಡು. ಇರು, ಇರು. ಕೆಳಪಟ್ಟಣದ ಹಳೆ ಸಾಮಾನಿನ ಅಂಗಡೀಲಿ ತಾಬೆರ್ನಾಕ್ಲ್ ರಾಶಿ ಬಿದ್ದಿವೆ. ಒಂದು ತಂದು ಗೋಡೇಲಿಡು."

ರೊಸೇರ್ ಕುಂಟುತ್ತಾ ಬೆಟ್ಟ ಇಳಿದು ಅಂಗಡಿಗೆ ಹೋದ. ಅಂಗಡಿಯವನಿಗೆ ಆಶ್ಚರ್ಯವೇನೂ ಆಗಲಿಲ್ಲ.

"ತಾಬೆರ್ನಾಕ್ಲಾ? ಯಾವ ಸೈಜು? ಚರ್ಚು ಮುಚ್ಚಿದಾಗಲೆಲ್ಲ ಒಂದೊಂದು ಬರುತ್ತೆ. ಇದನ್ನ ನೋಡಿ, ಜನ ಇದನ್ನೇ ಜಾಸ್ತಿ ಒಯ್ಯೋದು."

ಬಂಗಾರದ ಬಣ್ಣದ ಪುಟ್ಟ ಬಾಗಿಲು ತೆರೆದ. ಒಳಗೆ ದೀಪ ಹತ್ತಿಕೊಂಡಿತು. ಸಾಲಾಗಿ ಎರಡು ವಿಸ್ಕಿ ಬಾಟಲು, ನಾಲ್ಕು ಗ್ಲಾಸು, ಐಸ್ ಹಿಡಿಯುವ ಚಿಮಟ.

ರೊಸೇರ್ ಗರಬಡಿದವನಂತೆ ನಿಂತ. ಹುಟ್ಟಿದಾಗಿನಿಂದ ಆ ಪೆಟ್ಟಿಗೆಯ ಹೆಸರನ್ನು ಕುದುರೆಗೆ, ಹಿಮಕ್ಕೆ, ತೆರಿಗೆಯವರಿಗೆ ಧಾರಾಳವಾಗಿ ಹಂಚಿದವನು ಅವನು. ಆದರೂ ಒಂದು ದಿನವೂ ಅದರೊಳಗೆ ಕೈ ಹಾಕಿದವನಲ್ಲ. "ಮುಚ್ಚಯ್ಯಾ ಅದನ್ನ," ಎಂದ. "ನಾಚಿಕೆ ಆಗಲ್ವಾ ನಿನಗೆ?" ಬರಿಗೈಯಲ್ಲಿ ಹೊರಬಂದ. ಬೈಯುವುದು ಬೇರೆ, ಇದು ಬೇರೆ. ಅಂಗಡಿಯ ಎದುರು ಮೀನು ಕೊಳ್ಳುವವರ ಸಾಲಿನಲ್ಲಿ, ತಲೆಗೆ ಟವೆಲು ಸುತ್ತಿಕೊಂಡ ಮದಾಮ್ ಲಾಬೆರ್ಜ್ ನಿಂತಿದ್ದದ್ದು ಅವನಿಗೆ ಕಾಣಲಿಲ್ಲ.

ಶನಿವಾರ ಹತ್ತು ಗಂಟೆಗೆ ನೆಲಮಾಳಿಗೆಯಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳುವಂತಿರಲಿಲ್ಲ. ಗೋಡೆಯ ಬಳಿ ಇನ್‌ಸ್ಪೆಕ್ಟರ್, ಫಾದರ್, ಉಗೆತ್, ರೊಸೇರ್. ಹಿಂದೆ ಮದಾಮ್ ಲಾಬೆರ್ಜ್, ಫುಲ್‌ಜಾಂಸ್, ಮೆಟ್ಟಿಲುದ್ದಕ್ಕೂ ಬೀದಿಯ ಜನ. ಕೆಳಗೆ ಆದದ್ದನ್ನು ಮೇಲಿನವರಿಗೆ ಒಬ್ಬರಿಗೊಬ್ಬರು ದಾಟಿಸುವ ಏರ್ಪಾಡಾಗಿತ್ತು. ಉಗೆತ್ ಈಸ್ಟರಿಗೆಂದು ಇಟ್ಟಿದ್ದ ಟೋಪಿ ಹಾಕಿಕೊಂಡಿದ್ದಳು. ಅವಳು ನಂಬಿಬಿಟ್ಟಿದ್ದಳು. ನಿನ್ನೆ ರಾತ್ರಿ ಗಂಡನ ಹೆಬ್ಬೆರಳಿಗೆ ಬಿಸಿ ಬಟ್ಟೆಯ ಶಾಖ ಕೊಡುತ್ತಾ, "ನಿನ್ನ ಮೇಲೆ ಅನುಮಾನಪಟ್ಟೆ ನೋಡು, ತಪ್ಪಾಯ್ತು," ಎಂದಿದ್ದಳು. ರೊಸೇರನಿಗೆ ಆ ಶಾಖಕ್ಕಿಂತ ಕಲ್ಲೇ ವಾಸಿ ಎನಿಸಿತ್ತು.

ಇನ್‌ಸ್ಪೆಕ್ಟರ್ ಕಲ್ಲು ತೆಗೆದರು. ಎರಡನೆಯದು ತೆಗೆದರು. ಭುಜದವರೆಗೆ ಕೈ ಹಾಕಿದರು. ಕೈ ಹೊರಬಂತು.

"ಒಂದು ಬೂಟು," ಎಂದರು. "ಎಡಗಾಲಿನದು."

"ಬೂಟಂತೆ," ಎಂದಿತು ಮೊದಲ ಮೆಟ್ಟಿಲು. "ಹಳೇ ಬೂಟಂತೆ," ಎಂದಿತು ಐದನೆಯದು. ಬೀದಿ ತಲುಪುವ ಹೊತ್ತಿಗೆ ಅದು ಸಂತರೊಬ್ಬರ ಎಡಪಾದವಾಗಿ, ಹೊರಗಿದ್ದ ಹೆಂಗಸರು ಶಿಲುಬೆ ಗುರುತು ಹಾಕಿಕೊಂಡರು.

"ಇನ್ನು?" ಎಂದರು ಫಾದರ್.

"ಇನ್ನು ಕೊಳವೆ."

"ಎಲ್ಲಿ ಹೋದವು ಪಾತ್ರೆಗಳು?"

"ನಾನು ಹೇಳ್ತೀನಿ ಎಲ್ಲಿ ಹೋದವು ಅಂತ!" ಮದಾಮ್ ಲಾಬೆರ್ಜ್ ಎರಡೂ ಕೈಯಿಂದ ಜನರನ್ನು ಸರಿಸಿಕೊಂಡು ಮುಂದೆ ಬಂದಳು. "ನಿನ್ನೆ ಈತ ಹಳೆ ಸಾಮಾನಿನ ಅಂಗಡಿಯಿಂದ ಬರೋದನ್ನ ಈ ಕಣ್ಣಾರೆ ಕಂಡಿದ್ದೀನಿ. ಮಾರ್ಕೊಂಡಿದ್ದಾನೆ! ದೇವರ ಪಾತ್ರೆ ಮಾರ್ಕೊಂಡಿದ್ದಾನೆ!"

ನೆಲಮಾಳಿಗೆಯಲ್ಲಿ ಹಾಹಾಕಾರವೆದ್ದಿತು. ಫಾದರ್ ಗೋಡೆ ಹಿಡಿದುಕೊಂಡರು. ಉಗೆತ್ ಮೆಲ್ಲಗೆ ಗಂಡನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಬಣ್ಣವೂ ಇರಲಿಲ್ಲ.

"ಕದ್ದೆಯಾ, ರೊಸೇರ್?"

ಉಗುಳಿದರೆ ಹೆಂಡತಿ ಹೋಗುತ್ತಾಳೆ, ನುಂಗಿದರೆ ಕಳ್ಳನಾಗುತ್ತಾನೆ. ರೊಸೇರ್ ಟೋಪಿ ತೆಗೆದ.

"ಕದ್ದಿಲ್ಲ ಕಣೇ. ಏನೂ ಸಿಕ್ಕಿರಲೇ ಇಲ್ಲ. ಕಲ್ಲು ಕಾಲಿಗೆ ಬಿತ್ತು. ಬೈದೆ."

"ಬೈದಿರಾ?" ಎಂದರು ಫಾದರ್. "ಏನೆಂದು ಬೈದಿರಿ?"

ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ಕೊನೆಗೆ ಫುಲ್‌ಜಾಂಸ್ ಕೆಮ್ಮಿ, ಫಾದರ್ ಕಿವಿಯಲ್ಲಿ ಎರಡು ನಿಮಿಷ ಪಿಸುಗುಟ್ಟಿದ. ಫಾದರ್ ಮುಖ ನೋಡನೋಡುತ್ತ ಇಳಿದುಹೋಯಿತು.

"ಎಲ್ಲವೂ? ಆ ಬಟ್ಟಲೂ?"

"ಬಟ್ಟಲೂ, ಫಾದರ್."

"ಹಾಗಾದರೆ... ನಮ್ಮ ಬಸ್ ಡ್ರೈವರು?"

ಫುಲ್‌ಜಾಂಸ್ ದುಃಖದಿಂದ ತಲೆಯಾಡಿಸಿದ. ಫಾದರ್ ಮೆಟ್ಟಿಲ ಮೇಲೆ ಕುಸಿದು ಕೂತು, "ಅಮ್ಮನಿಗೆ ಬರೆದುಬಿಟ್ಟಿದ್ದೇನೆ," ಎಂದು ತಲೆಯ ಮೇಲೆ ಕೈ ಹೊತ್ತುಕೊಂಡರು.

"ಸುಳ್ಳು!" ಮದಾಮ್ ಲಾಬೆರ್ಜ್ ಬಿಡಲಿಲ್ಲ. "ಇವನು ಬೈಯೋದು ಬಿಟ್ಟಿದ್ದಾನೆ ಅಂತ ಫಾದರೇ ಪ್ರಸಂಗದಲ್ಲಿ ಹೇಳಿಲ್ವಾ? ಈಗ ಕಳ್ಳತನ ಮುಚ್ಚೋಕೆ ಬೈಗುಳದ ನೆಪ! ಬೈದದ್ದು ನಿಜ ಆದ್ರೆ ಬೈದು ತೋರಿಸಲಿ!"

"ನ್ಯಾಯವಾದ ಮಾತು," ಎಂದರು ಇನ್‌ಸ್ಪೆಕ್ಟರ್, ಚೀಲದಲ್ಲಿ ಏನನ್ನೋ ತಡಕುತ್ತಾ. "ದಾಖಲೆಗೆ ಬೇಕಾಗುತ್ತೆ."

ರೊಸೇರ್ ಹೆಂಡತಿಯನ್ನು ನೋಡಿದ. ಉಗೆತ್ ಅಂದಳು, "ಹೇಳು. ಮೊನ್ನೆ ಹೇಗೆ ಹೇಳಿದೆಯೋ ಹಾಗೇ."

ಬಾಯಿ ತೆರೆದ. ಮೂವತ್ತೊಂಬತ್ತು ವರ್ಷದ ಅನುಭವಸ್ಥ ನಾಲಿಗೆ ಹೊತ್ತಿಗೆ ಸರಿಯಾಗಿ ಕೈಕೊಟ್ಟಿತು. "ತಾಬೆರ್ನಾಕ್ಲ್..." ಎಂದ, ಮೊದಲ ಪ್ರಸಾದ ತೆಗೆದುಕೊಳ್ಳುವ ಮಗುವಿನ ದನಿಯಲ್ಲಿ, 'ಲ' ಸಮೇತ.

"ನೋಡಿದ್ರಾ! ಬರೋದೇ ಇಲ್ಲ ಅವನಿಗೆ! ಕಳ್ಳ!"

ಇನ್‌ಸ್ಪೆಕ್ಟರ್ ಇನ್ನೂ ಹತ್ತಿರದಿಂದ ಕೇಳಿಸಿಕೊಳ್ಳಲೆಂದು ಒಂದು ಹೆಜ್ಜೆ ಮುಂದಿಟ್ಟರು. ಕಬ್ಬಿಣದ ಲಾಳ ಹೊಡೆಸಿದ ಅವರ ಹಿಮದ ಬೂಟು ಬಂದು ಊರಿದ್ದು ರೊಸೇರನ ಹೆಬ್ಬೆರಳ ಮೇಲೆಯೇ.

ಆಗ ಬಂತು. ಇಪ್ಪತ್ತೈದು ದಿನದ ದಾಸ್ತಾನು ಒಟ್ಟಿಗೆ ಬಂತು. ಪೆಟ್ಟಿಗೆ ಬಂತು, ಬಟ್ಟಲು ಬಂತು, ಪಾತ್ರೆ ಬಂತು, ಮುಚ್ಚಳ ಬಂತು. ಒಂದಕ್ಕೊಂದು ಕೊಂಡಿ ಹಾಕಿಕೊಂಡು ಉಸಿರು ಕಡಿಯದೆ ಬಂದವು. ಮೆಟ್ಟಿಲ ಮೇಲಿನವರಿಗೆ ದಾಟಿಸುವ ಪುರಸೊತ್ತೂ ಇರಲಿಲ್ಲ, ಅಗತ್ಯವೂ ಇರಲಿಲ್ಲ, ಬೀದಿಯಲ್ಲಿದ್ದ ಕುದುರೆಗೇ ನೇರವಾಗಿ ಕೇಳಿಸಿ ಅದು ಸಂತೋಷದಿಂದ ಕೆನೆಯಿತು. ಮದಾಮ್ ಲಾಬೆರ್ಜ್ ಕಿವಿ ಮುಚ್ಚಿಕೊಂಡಳು, ಆದರೆ ಬೆರಳುಗಳ ನಡುವೆ ಸಂದು ಬಿಟ್ಟುಕೊಂಡು.

ಮುಗಿದಾಗ ಇನ್‌ಸ್ಪೆಕ್ಟರ ಕೈಯಲ್ಲಿ ಪುಟ್ಟ ಧ್ವನಿಮುದ್ರಣ ಯಂತ್ರವಿತ್ತು. ಅವರ ಕನ್ನಡಕ ಮಂಜಾಗಿತ್ತು.

"ಅದ್ಭುತ," ಎಂದರು. "ಹನ್ನೆರಡು ವರ್ಷದಿಂದ ಹುಡುಕ್ತಿದ್ದೀನಿ. ಮೇಲುಪಟ್ಟಣದ ಸಾರೋಟಿನವರ ಶುದ್ಧ ಶೈಲಿ! ನಮ್ಮ ಕಚೇರಿ ಕಲ್ಲು ಮಾತ್ರ ಕಾಯೋದಲ್ಲ, ಮದಾಮ್. ಮಾತೂ ಪರಂಪರೆಯೇ. ಇವತ್ತಿನಿಂದ ಮಿಸ್ಯೂ ಗೊಸ್ಲೆಂ ಅವರ ಬಾಯಿ ಸಂರಕ್ಷಿತ."

"ಏನು?" ಎಂದಳು ಉಗೆ‌ತ್.

"ಸಂರಕ್ಷಿತ. ನಿಮ್ಮ ಕಿಟಕಿ ಚೌಕಟ್ಟಿನ ಹಾಗೇ. ಯಾರೂ ಬದಲಾಯಿಸೋ ಹಾಗಿಲ್ಲ, ತಿದ್ದೋ ಹಾಗಿಲ್ಲ, ಮುಚ್ಚಿಸೋ ಹಾಗಿಲ್ಲ. ಅದರಲ್ಲೂ ಮನೆಯವರು." ನಮೂನೆಯ ಹಾಳೆ ಮುಂದೆ ಹಿಡಿದರು. "ಹೆಂಡತಿ ಇಲ್ಲಿ ಸಹಿ ಮಾಡಬೇಕು."

ಉಗೆತ್ ಹಾಳೆ ನೋಡಿದಳು. ಗಂಡನನ್ನು ನೋಡಿದಳು. ಟೋಪಿ ತೆಗೆದು ಫುಲ್‌ಜಾಂಸನ ಕೈಗೆ ಕೊಟ್ಟಳು. ಆಮೇಲೆ ಬಾಯಿ ತೆರೆದಳು.

ಆಕೆ ಅಂದದ್ದನ್ನು ಇಲ್ಲಿ ಬರೆಯುವ ಧೈರ್ಯ ನನಗಿಲ್ಲ. ಸ್ಥೂಲವಾಗಿ ಹೇಳುತ್ತೇನೆ. ರೊಸೇರನದು ಪೀಠದ ಸುತ್ತಮುತ್ತಲ ಕಸುಬು. ಉಗೆತ್ ಪೀಠದಿಂದ ಹೊರಟು, ಮೇಣದಬತ್ತಿಗಳನ್ನು ಒಂದೊಂದಾಗಿ ಎತ್ತಿಕೊಂಡು, ಧೂಪದ ಪಾತ್ರೆ ಬೀಸಿ, ಪಾಪನಿವೇದನೆಯ ಗೂಡು ಕಿತ್ತು, ಘಂಟೆಗಳನ್ನೆಲ್ಲ ಹೆಸರು ಹಿಡಿದು ಕರೆದು, ಕೊನೆಗೆ ಗೋಪುರದ ತುದಿಯ ತಗಡಿನ ಕೋಳಿಯನ್ನೂ ಬಿಡಲಿಲ್ಲ. ಅದಾದ ಮೇಲೆ ಇನ್ನೊಂದು ಪದ ಅಂದಳು. ಅದನ್ನು ಆ ನೆಲಮಾಳಿಗೆಯಲ್ಲಿ ಯಾರೂ ಹಿಂದೆ ಕೇಳಿದವರಲ್ಲ.

ಮದಾಮ್ ಲಾಬೆರ್ಜ್ ಕಿವಿಯಿಂದ ಕೈ ತೆಗೆದು ಬಾಯಿಗೆ ಇಟ್ಟುಕೊಂಡಳು.

"ಆ ಕೊನೆಯ ವಸ್ತು," ಎಂದರು ಫಾದರ್, ಕ್ಷೀಣವಾಗಿ, "ಸೆಮಿನರಿಯಲ್ಲಿ ನಮಗೆ ಹೇಳಿಕೊಟ್ಟಿಲ್ಲ."

"ಉಗೆತ್!" ಎಂದ ರೊಸೇರ್. "ನೀನಾ? ಇದೆಲ್ಲ ನಿನಗೆ ಎಲ್ಲಿಂದ ಬಂತೇ?"

"ಎಲ್ಲಿಂದ ಬರುತ್ತೆ? ನಮ್ಮಪ್ಪ ಮರ ಕಡಿಯೋರ ಕ್ಯಾಂಪಿನಲ್ಲಿ ಅಡುಗೆ ಮಾಡ್ತಿದ್ದ. ನಾನು ಅಲ್ಲೇ ಮಾತು ಕಲಿತವಳು." ಅವಳ ಕಣ್ಣಲ್ಲಿ ನೀರಿತ್ತು, ದನಿ ಮಾತ್ರ ಬಡಿಗೆಯ ಹಾಗೆ ಗಟ್ಟಿ. "ನಿಮ್ಮಮ್ಮನ ಮನೆಗೆ ಮೊದಲ ಸಲ ಊಟಕ್ಕೆ ಬಂದಾಗ ಕುದಿಯೋ ಸೂಪು ನನ್ನ ತೊಡೆ ಮೇಲೆ ಚೆಲ್ಲಿತು. ನೆನಪಿದೆಯಾ? ಏನಂದೆ ನಾನು?"

"ಏನೂ ಅನ್ನಲಿಲ್ಲ."

"ಏನೂ ಅನ್ನಲಿಲ್ಲ! ಅಂದಿದ್ರೆ ನಿಮ್ಮಮ್ಮ ಮದುವೆ ಮಾಡ್ತಿದ್ಲಾ? ಅವತ್ತು ನುಂಗಿದೆ. ಅವತ್ತಿನಿಂದ ನುಂಗ್ತಾನೇ ಇದ್ದೀನಿ. ಎರಡು ಹೆರಿಗೆಯಲ್ಲಿ ನುಂಗಿದೆ. ನಿನ್ನ ಕುದುರೆ ನನ್ನ ಕಾಲು ತುಳಿದಾಗ ನುಂಗಿದೆ. ಮೂವತ್ತನಾಲ್ಕು ವರ್ಷ ಆಯ್ತು ರೊಸೇರ್, ನಿನಗೋಸ್ಕರ. ನನಗೋಸ್ಕರ ನಿನಗೆ ನಲವತ್ತು ದಿನ ಆಗಲಿಲ್ಲ."

ಆ ಕ್ಷಣದಲ್ಲಿ ಗೋಡೆಯ ತೂತು ಇನ್ನೂ ಸ್ವಲ್ಪ ದೊಡ್ಡದಿದ್ದರೆ ರೊಸೇರ್ ಒಳಗೆ ಹೋಗಿ ಕಲ್ಲು ಎಳೆದುಕೊಳ್ಳುತ್ತಿದ್ದ.

ಇನ್‌ಸ್ಪೆಕ್ಟರ್ ಯಂತ್ರವನ್ನು ಅವನಿಂದ ಅವಳ ಕಡೆಗೆ ತಿರುಗಿಸಿದ್ದರು. "ಮದಾಮ್, ಇದು... ಇದು ಕಾಡಿನ ಕ್ಯಾಂಪಿನ ಮೂಲ ಪಾಠ! ದಯವಿಟ್ಟು ಹೆಸರು, ತಂದೆಯ ಹೆಸರು..."

"ನನ್ನ ಬಾಯಿ ನನ್ನದು, ನಿಮ್ಮ ಕಚೇರಿಯದಲ್ಲ," ಎಂದಳು ಉಗೆತ್. "ನೀರು ಬಿಡಿ. ಹೊರಗೆ ನಡೀರಿ ಎಲ್ಲರೂ."

ಎಲ್ಲರೂ ನಡೆದರು. ಮದಾಮ್ ಲಾಬೆರ್ಜ್ ತುಟಿ ಎರಡು ಮಾಡದೆ ಮೆಟ್ಟಿಲು ಹತ್ತಿದ್ದನ್ನು ಬೀದಿಯ ಜನ ಇಂದಿಗೂ ಹೇಳಿಕೊಳ್ಳುತ್ತಾರೆ. ಫಾದರ್ ಹೋಗುವ ಮುಂಚೆ ಗಂಡಹೆಂಡಿರಿಬ್ಬರಿಗೂ ಒಂದೇ ಶಿಲುಬೆ ಗುರುತಿನಲ್ಲಿ ಆಶೀರ್ವಾದ ಮಾಡಿ, ಬಸ್ಸಿನಲ್ಲಿ ಹೋಗುವ ಮನಸ್ಸಾಗದೆ ನಡೆದೇ ಹೋದರು.

ನೆಲಮಾಳಿಗೆಯಲ್ಲಿ ಇಬ್ಬರೇ ಉಳಿದರು. ರೊಸೇರ್ ಬಿದ್ದ ಕಲ್ಲಿನ ಮೇಲೆ ಕೂತ. ಉಗೆತ್ ನಿಂತೇ ಇದ್ದಳು.

"ನನಗೆ ಗೊತ್ತಿರಲಿಲ್ಲ," ಎಂದ.

"ಗೊತ್ತಾಗಬಾರದು ಅಂತಾನೇ ಅಲ್ವಾ ನುಂಗಿದ್ದು."

"ಹೋಗ್ತೀಯಾ?"

ಅವಳು ಆ ಎಡಗಾಲಿನ ಬೂಟನ್ನು ಎತ್ತಿ ಗೋಡೆಯ ತೂತಿಗೆ ವಾಪಸು ಹಾಕಿದಳು.

"ಈಸ್ಟರಿಗೆ ಇನ್ನೂ ಇಪ್ಪತ್ತೆರಡು ದಿನ ಇದೆ ಉಗೆತ್, ಭಾನುವಾರಾನೂ ಸೇರಿಸಿ. ಇವತ್ತಿಂದ ಮೊದಲಿಂದ ಶುರು ಮಾಡ್ತೀನಿ. ಕಲ್ಲಲ್ಲ, ಇಡೀ ಮನೆ ಕಾಲ ಮೇಲೆ ಬಿದ್ದರೂ ಬಾಯಿ ಬಿಡಲ್ಲ. ಈ ಸಲ ಭಯಕ್ಕಲ್ಲ."

ಉಗೆತ್ ಕಲ್ಲಿನ ತುದಿಯಲ್ಲಿ ಅವನನ್ನು ಸ್ವಲ್ಪ ಆಚೆ ತಳ್ಳಿ, ಪಕ್ಕದಲ್ಲಿ ಕೂತಳು. ಮೇಲೆ ಬೀದಿಯಲ್ಲಿ ಫುಲ್‌ಜಾಂಸನ ಸಾರೋಟು ಹೊರಟ ಸದ್ದಾಯಿತು. ರೊಸೇರ್ ಸುಮ್ಮನಿರಲು ತನ್ನ ಕೈಲಾದಷ್ಟು ಪ್ರಯತ್ನ ಮಾಡಿದ.

"ಉಗೆತ್... ಆ ಗೋಪುರದ ಕೋಳಿ ಆದಮೇಲೆ ಏನೋ ಒಂದು ಅಂದೆಯಲ್ಲ. ನನಗೆ ಸರಿಯಾಗಿ ಕೇಳಿಸಲಿಲ್ಲ."

ಉಗೆತ್ ಮೆಟ್ಟಿಲ ಕಡೆ ತಿರುಗಿ ಯಾರೂ ಇಲ್ಲವೆಂದು ಖಾತರಿ ಮಾಡಿಕೊಂಡಳು.

"ಈಸ್ಟರ್ ಕಳೀಲಿ," ಎಂದಳು. "ಹೇಳಿಕೊಡ್ತೀನಿ."